ಕಣ್ಣಿನ ಆಪರೇಷನ್ ಆದಮೇಲೆ ಇಳಿಬೀಳುವ ರೆಪ್ಪೆ

ಬಲಗಣ್ಣಿನ ಪೊರೆ ತೆಗೆಸಿಕೊಂಡ ಮರುದಿನ ಪಟ್ಟಿ ಬಿಚ್ಚಿದಾಗ ನಮ್ಮ ದೊಡ್ಡಮ್ಮ ಮೊದಲು ಓದಿದ್ದು ಎದುರು ಗೋಡೆಯ ಕ್ಯಾಲೆಂಡರನ್ನು. ತಾರೀಖಿನ ದೊಡ್ಡ ಅಂಕಿಗಳನ್ನಲ್ಲ, ಅದರಡಿ ಇರುವೆ ಸಾಲಿನಂತಿದ್ದ ತಿಥಿ, ನಕ್ಷತ್ರಗಳನ್ನು. ಮನೆಯವರಿಗೆಲ್ಲ ಹಬ್ಬದಂಥ ಸಂತೋಷ. ತಿಂಗಳು ಕಳೆಯುವ ಹೊತ್ತಿಗೆ ಸೊಸೆಗೆ ಏನೋ ಅನುಮಾನ ಬಂತು. “ಅತ್ತೆ, ನಿಮ್ಮ ಬಲಗಣ್ಣು ಚಿಕ್ಕದಾದ ಹಾಗಿದೆಯಲ್ಲ?” ಕಣ್ಣು ಚಿಕ್ಕದಾಗಿರಲಿಲ್ಲ. ಮೇಲಿನ ರೆಪ್ಪೆ ಜಾರಿ ಪಾಪೆಯ ಅಂಚಿಗೆ ಬಂದು ನಿಂತಿತ್ತು. ಆಸ್ಪತ್ರೆಯಲ್ಲಿ ವಿಚಾರಿಸಿದರೆ, “ದೃಷ್ಟಿ ಚೆನ್ನಾಗಿ ಬಂದಿದೆಯಲ್ಲಮ್ಮ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಎಂದು ಕಳಿಸಿಬಿಟ್ಟರು.

ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ತಿ ಉತ್ತರವೂ ಅಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ರೆಪ್ಪೆ ಇಳಿಯುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ತೊಡಕು. ಹೀಗೆ ಮೇಲಿನ ರೆಪ್ಪೆ ಇರಬೇಕಾದ ಜಾಗಕ್ಕಿಂತ ಕೆಳಗೆ ನಿಲ್ಲುವುದನ್ನು ವೈದ್ಯರು ‘ಟೋಸಿಸ್’ ಎನ್ನುತ್ತಾರೆ. ಬೀಳುವುದು ಎಂಬ ಅರ್ಥದ ಗ್ರೀಕ್ ಪದ ಅದು. ಬಹುಪಾಲು ತಾನಾಗಿ ಸರಿಹೋಗುತ್ತದೆ. ಸರಿಹೋಗದೆ ಉಳಿದದ್ದಕ್ಕೆ ಚಿಕಿತ್ಸೆ ಇದೆ. ಇವೆರಡು ಮಾತನ್ನು ಮೊದಲೇ ಹೇಳಿದ್ದರೆ ದೊಡ್ಡಮ್ಮ ಕನ್ನಡಿಯ ಮುಂದೆ ಅಷ್ಟು ದಿನ ಹೆದರಿ ನಿಲ್ಲಬೇಕಾಗಿರಲಿಲ್ಲ.

ರೆಪ್ಪೆಯನ್ನು ಎತ್ತಿ ಹಿಡಿಯುವುದು ಏನು

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಎಳೆಯುವ ತೋಳು, ಹಗ್ಗ, ಕೊಡ, ಮೂರೂ ಸರಿಯಾಗಿದ್ದರೆ ಕೊಡ ಕಟ್ಟೆಯ ತನಕ ಬರುತ್ತದೆ. ರೆಪ್ಪೆಯಲ್ಲಿ ತೋಳಿನ ಕೆಲಸ ಮಾಡುವುದು ಕಣ್ಣುಗೂಡಿನ ಆಳದಿಂದ ಹೊರಟು ಕಣ್ಣುಗುಡ್ಡೆಯ ನೆತ್ತಿಯ ಮೇಲೆ ಹಾದು ಮುಂದಕ್ಕೆ ಬರುವ ‘ಲಿವೇಟರ್’ ಎಂಬ ಸ್ನಾಯು. ಮಿದುಳಿನಿಂದ ಬರುವ ಮೂರನೆಯ ನರ ಅದನ್ನು ನಡೆಸುತ್ತದೆ. ಮುಂದೆ ಬರುತ್ತ ಈ ಸ್ನಾಯು ತೆಳ್ಳನೆಯ ಬಿಳಿ ಪೊರೆಯಂಥ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಅದೇ ಹಗ್ಗ. ರೆಪ್ಪೆಗೆ ಆಕಾರ ಕೊಡುವ ‘ಟಾರ್ಸಲ್’ ಎಂಬ ಗಟ್ಟಿ ತಟ್ಟೆಗೆ ಆ ಪಟ್ಟಿ ಅಂಟಿಕೊಂಡಿರುತ್ತದೆ, ಕೊಡ ಇದು. ಪಟ್ಟಿಯ ಕೆಲವು ಎಳೆಗಳು ಚರ್ಮಕ್ಕೂ ತಗುಲಿಕೊಂಡಿರುವುದರಿಂದಲೇ ಕಣ್ಣು ತೆರೆದಾಗ ರೆಪ್ಪೆಯ ಮೇಲೆ ಒಂದು ಗೆರೆ ಮೂಡುವುದು.

ಇವುಗಳ ಹಿಂದೆ ಇನ್ನೊಂದು ಪುಟ್ಟ ಸ್ನಾಯು ಉಂಟು. ಜರ್ಮನಿಯ ಹೈನ್ರಿಕ್ ಮ್ಯೂಲರ್ 19ನೇ ಶತಮಾನದಲ್ಲಿ ಅದನ್ನು ವಿವರಿಸಿದ್ದರಿಂದ ಇಂದಿಗೂ ಅದು ಮ್ಯೂಲರ್ ಸ್ನಾಯು. ನಮ್ಮ ಇಚ್ಛೆಗೆ ಒಳಪಡದ ಈ ಸ್ನಾಯು ರೆಪ್ಪೆಯನ್ನು ಸುಮಾರು 2 ಮಿಲಿಮೀಟರ್‌ನಷ್ಟು ಎತ್ತಿ ಹಿಡಿಯುತ್ತದೆ. ಬೆಚ್ಚಿಬಿದ್ದಾಗ ಕಣ್ಣು ಅಗಲವಾಗುವುದರಲ್ಲಿ ಇದರ ಪಾಲೂ ಇದೆ.

ನೆಟ್ಟಗೆ ಮುಂದೆ ನೋಡುವಾಗ ಆರೋಗ್ಯವಂತರ ಮೇಲಿನ ರೆಪ್ಪೆ ಕರಿಗುಡ್ಡೆಯ ಮೇಲಂಚನ್ನು 1ರಿಂದ 2 ಮಿ.ಮೀ. ಮುಚ್ಚಿರುತ್ತದೆ, ಅಷ್ಟೇ. ಪಾಪೆಯ ನಟ್ಟನಡುವಿನಿಂದ ರೆಪ್ಪೆಯ ಅಂಚಿಗೆ 4ರಿಂದ 5 ಮಿ.ಮೀ. ದೂರ. ಲೆಕ್ಕವೆಲ್ಲ ಇಷ್ಟು ಸಣ್ಣದಾದ್ದರಿಂದ 2 ಮಿ.ಮೀ. ಇಳಿದರೂ ಎದುರಿಗಿದ್ದವರಿಗೆ ಎದ್ದು ಕಾಣುತ್ತದೆ. 3 ಮಿ.ಮೀ. ಇಳಿದರೆ ಮೇಲಿನ ನೋಟಕ್ಕೇ ಅಡ್ಡ ಬರುತ್ತದೆ.

ಆಪರೇಷನ್ ಮೇಜಿನ ಮೇಲೆ ರೆಪ್ಪೆಗೆ ಆಗುವುದೇನು

ಪೊರೆ ಇರುವುದು ಕಣ್ಣಿನ ಒಳಗೆ, ಕತ್ತರಿಸುವುದು ಕರಿಗುಡ್ಡೆಯ ಅಂಚಿನಲ್ಲಿ. ರೆಪ್ಪೆಯನ್ನು ಯಾರೂ ಕೊಯ್ಯುವುದಿಲ್ಲ. ಹಾಗಿದ್ದರೆ ಅದಕ್ಕೇಕೆ ಪೆಟ್ಟು? ರೆಪ್ಪೆ ಇಡೀ ಹೊತ್ತು ದಾರಿ ಬಿಟ್ಟುಕೊಟ್ಟು ನಿಂತಿರಬೇಕು, ಅದಕ್ಕೆ.

ಮೇಲಿನ ಮತ್ತು ಕೆಳಗಿನ ರೆಪ್ಪೆಗಳನ್ನು ಅಗಲಿಸಿ ಹಿಡಿಯಲು ‘ಸ್ಪೆಕ್ಯುಲಮ್’ ಎಂಬ ತಂತಿಯ ಉಪಕರಣ ಸಿಕ್ಕಿಸುತ್ತಾರೆ. ಕಣ್ಣಿನ ಮೇಲೆ ಏನೇ ಬಂದರೂ ರೆಪ್ಪೆ ಮುಚ್ಚಿಕೊಳ್ಳುವುದು ಹುಟ್ಟುಗುಣ. ಭಯಪಟ್ಟವರು ಬಿಗಿಯಾಗಿ ಮುಚ್ಚಲು ನೋಡುತ್ತಾರೆ, ತಂತಿ ಬಿಡುವುದಿಲ್ಲ. ಒಂದು ಕಡೆ ಮುಚ್ಚುವ ಸ್ನಾಯುವಿನ ಜಗ್ಗಾಟ, ಇನ್ನೊಂದು ಕಡೆ ಲೋಹದ ಪಟ್ಟು. ನಡುವೆ ಸಿಕ್ಕಿ ಹಿಗ್ಗುವುದು ಆ ತೆಳ್ಳನೆಯ ಬಿಳಿ ಪಟ್ಟಿ. ಹಗ್ಗದ ಒಂದೆರಡು ಎಳೆ ಕಿತ್ತರೆ, ಇಲ್ಲವೇ ಹಗ್ಗವೇ ತುಸು ಉದ್ದವಾದರೆ, ತೋಳು ಮೊದಲಿನಷ್ಟೇ ಎಳೆದರೂ ಕೊಡ ಕಟ್ಟೆಗೆ ಒಂದು ಗೇಣು ಕೆಳಗೇ ನಿಲ್ಲುತ್ತದೆ. ಆಪರೇಷನ್ ನಂತರ ಉಳಿದುಹೋಗುವ ಇಳಿತದಲ್ಲಿ ಹೆಚ್ಚಿನದು ಈ ಬಗೆಯದು.

ಎರಡನೆಯ ಕಾರಣ ಸೂಜಿ. ಕಣ್ಣು ಮರಗಟ್ಟಿಸಲು ಗುಡ್ಡೆಯ ಸುತ್ತ ಕೊಡುವ ಲಿಗ್ನೊಕೇನ್, ಬ್ಯುಪಿವಕೇನ್ ಮದ್ದುಗಳು ನರವನ್ನು ಸುಮ್ಮನಾಗಿಸುತ್ತವೆ. ಹಾಗಾಗಿ ಅಂದು ರೆಪ್ಪೆ ಏಳದಿರುವುದು ಸಹಜ, ಮದ್ದಿನ ಪ್ರಭಾವ ಇಳಿದಂತೆ ಅದೂ ಏಳುತ್ತದೆ. ಆದರೆ ಇದೇ ಮದ್ದು ಸ್ನಾಯುವಿನೊಳಗೇ ಸೇರಿದರೆ ಅದರ ಎಳೆಗಳಿಗೆ ನಂಜಾಗುತ್ತದೆ. ಸ್ನಾಯು ಮತ್ತೆ ಚಿಗುರಿಕೊಳ್ಳಲು ವಾರಗಟ್ಟಲೆ ಬೇಕು. ಸೂಜಿ ತಗುಲಿ ರಕ್ತ ತುಂಬಿಕೊಂಡರೆ ಅದರ ಭಾರವೂ ಸೇರುತ್ತದೆ.

ಮೂರನೆಯದು ಒಂದು ದಾರ. ಕಣ್ಣುಗುಡ್ಡೆ ಅಲ್ಲಾಡದೆ ಕೆಳಮುಖವಾಗಿ ನಿಲ್ಲಲೆಂದು, ಗುಡ್ಡೆಯನ್ನು ಮೇಲೆತ್ತುವ ಸ್ನಾಯುವಿನ ಕೆಳಗೆ ದಾರ ಪೋಣಿಸಿ ಕಟ್ಟುವ ಪದ್ಧತಿಯಿದೆ. ಕರುವಿಗೆ ಮೂಗುದಾರ ಹಾಕಿ ಹಿಡಿದ ಹಾಗೆ. ಗುಡ್ಡೆಯನ್ನು ಎತ್ತುವ ಸ್ನಾಯುವೂ ರೆಪ್ಪೆಯನ್ನು ಎತ್ತುವ ಸ್ನಾಯುವೂ ಒಂದರ ಮೇಲೊಂದು ಮಲಗಿವೆ, ಅವುಗಳ ಕವಚ ಒಂದಕ್ಕೊಂದು ಹೆಣೆದುಕೊಂಡಿದೆ. ಕೆಳಗಿನದನ್ನು ಜಗ್ಗಿದರೆ ಮೇಲಿನದಕ್ಕೂ ತಟ್ಟುವುದು ಸಹಜವೇ.

ಕಣ್ಣು ಮರಗಟ್ಟಿಸುವ ವಿಷಯದಲ್ಲಿ ಕಣ್ಣಿನ ವೈದ್ಯದ ಚರಿತ್ರೆ ಒಂದು ಸುತ್ತು ಸುತ್ತಿ ಬಂದಿದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದರು. ಆಮೇಲೆ ಸೂಜಿ ಬಂತು. ದಶಕಗಳ ಕಾಲ ಗುಡ್ಡೆಯ ಹಿಂದೆ, ಪಕ್ಕದಲ್ಲಿ ಚುಚ್ಚುವುದೇ ರೂಢಿಯಾಯಿತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿ ಮಾಡಿ ಹೀರಿ ತೆಗೆಯುವ ‘ಫೇಕೊ’ ವಿಧಾನ ತಂದ ಮೇಲೆ ಗಾಯ ಚಿಕ್ಕದಾಗುತ್ತ ಹೋಯಿತು, 1990ರ ದಶಕದಲ್ಲಿ ಮತ್ತೆ ಬರೀ ಹನಿ ಹಾಕಿ ಪೊರೆ ತೆಗೆಯುವುದು ಚಾಲ್ತಿಗೆ ಬಂತು. ಹನಿಯಲ್ಲಿ ಸೂಜಿಯೂ ಇಲ್ಲ, ಮೂಗುದಾರವೂ ಬೇಕಿಲ್ಲ. ಇಳಿತದ ಎರಡು ಕಾರಣ ಅಲ್ಲಿಗೆ ಹೋದವು. ಸ್ಪೆಕ್ಯುಲಮ್ ಮಾತ್ರ ಉಳಿದಿದೆ, ಅದರ ಜೊತೆಗೆ ಅಪಾಯದ ಒಂದು ಪಾಲೂ ಉಳಿದಿದೆ.

ನಮ್ಮ ದೇಶದಲ್ಲಿ ಸ್ಪೆಕ್ಯುಲಮ್, ಸೂಜಿ, ದಾರ ಮೂರೂ ಇನ್ನೂ ಬಳಕೆಯಲ್ಲಿವೆ. ಹೊಲಿಗೆ ಬೇಡದ ಸಣ್ಣ ಗಾಯದ, ಯಂತ್ರವಿಲ್ಲದೆ ಕೈಯಿಂದ ಮಾಡುವ ಪೊರೆ ಆಪರೇಷನ್ ಶಿಬಿರಗಳಿಗೂ ಸರ್ಕಾರಿ ಆಸ್ಪತ್ರೆಗಳಿಗೂ ಹೇಳಿಮಾಡಿಸಿದಂತಿದೆ: ಖರ್ಚು ಕಡಿಮೆ, ಗಟ್ಟಿಯಾಗಿ ಹಣ್ಣಾದ ಪೊರೆಗೂ ಒಗ್ಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಸೂಜಿಯೂ ದಾರವೂ ಬೇಕು. ಇದು ಆ ವಿಧಾನದ ಮೇಲಿನ ದೂರಲ್ಲ. ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳನ್ನು ನಮ್ಮ ಹಿರಿಯರು ಈಗಲೂ ಕೈಮುಗಿದು ನೆನೆಯುತ್ತಾರೆ. ಗೋಡೆ ಹಿಡಿದು ನಡೆಯುತ್ತಿದ್ದವರಿಗೆ ಬೆಳಕು ಬಂದಾಗ ರೆಪ್ಪೆಯ ಎರಡು ಮಿಲಿಮೀಟರನ್ನು ಯಾರು ಅಳೆದಾರು? ಇಂದು ಪೊರೆ ಹಣ್ಣಾಗುವ ತನಕ ಹೆಚ್ಚಿನವರು ಕಾಯುವುದಿಲ್ಲ. ಓಡಾಡಿಕೊಂಡಿರುವವರು, ಗಾಡಿ ಓಡಿಸುವವರು ಆಪರೇಷನ್‌ಗೆ ಬರುತ್ತಾರೆ. ಅವರಿಗೆ ರೆಪ್ಪೆಯ ಲೆಕ್ಕವೂ ಬೇಕು.

ವಯಸ್ಸಿನ ಪಾತ್ರವೂ ದೊಡ್ಡದು. ಎಪ್ಪತ್ತು ವರ್ಷ ದಿನಕ್ಕೆ ಸಾವಿರಾರು ಸಲ ಏರಿಳಿದ ರೆಪ್ಪೆಯ ಹಗ್ಗ ಮೊದಲೇ ಸವೆದಿರುತ್ತದೆ. ಅಂಥ ರೆಪ್ಪೆಗೆ ಆಪರೇಷನ್ ಕೊನೆಯ ಜಗ್ಗು, ಅಷ್ಟೇ. ಅದಕ್ಕೇ ಒಂದೇ ವೈದ್ಯರು ಒಂದೇ ದಿನ ಒಂದೇ ರೀತಿ ಮಾಡಿದ ಹತ್ತು ಕಣ್ಣುಗಳಲ್ಲಿ ಒಂಬತ್ತು ನೆಟ್ಟಗಿದ್ದು ಒಂದು ಜಾರಬಹುದು. ರೆಪ್ಪೆ ಇಳಿದ ಮಾತ್ರಕ್ಕೆ ವೈದ್ಯರ ಕೈ ತಪ್ಪಿತು ಎನ್ನಲಾಗದು.

ಬೇರೆ ಆಪರೇಷನ್‌ಗಳು

ಗ್ಲಾಕೋಮಾಕ್ಕೆ ಕಣ್ಣಿನ ನೀರು ಹೊರಹೋಗಲು ದಾರಿ ಮಾಡುವ ಶಸ್ತ್ರಚಿಕಿತ್ಸೆ ನಡೆಯುವುದು ಮೇಲಿನ ರೆಪ್ಪೆಯಡಿಯಲ್ಲೇ, ಆದ್ದರಿಂದ ಅಲ್ಲಿಯೂ ಇಳಿತ ಕಾಣುತ್ತದೆ. ಗ್ಲಾಕೋಮಾಕ್ಕೆ ವರ್ಷಗಟ್ಟಲೆ ಹಾಕುವ ಪ್ರೊಸ್ಟಗ್ಲಾಂಡಿನ್ ಜಾತಿಯ ಹನಿಗಳೂ ರೆಪ್ಪೆಯ ಮೇಲಿನ ಕೊಬ್ಬನ್ನು ಕರಗಿಸಿ ಕಣ್ಣನ್ನು ಗುಳಿ ಬೀಳಿಸಿ, ರೆಪ್ಪೆಯನ್ನು ಇಳಿಸಬಲ್ಲವು. ಮೆಳ್ಳೆಗಣ್ಣು ಸರಿಪಡಿಸುವಾಗ ಗುಡ್ಡೆಯ ಮೇಲಿನ ಸ್ನಾಯುವನ್ನು ಮುಟ್ಟಿದರೆ ರೆಪ್ಪೆಯ ಮಟ್ಟವೂ ಬದಲಾಗಬಹುದು. ಅಕ್ಷಿಪಟಲದ ಶಸ್ತ್ರಚಿಕಿತ್ಸೆ, ಗುಡ್ಡೆ ತೆಗೆದು ಕೃತಕ ಕಣ್ಣು ಇಡುವುದು ಕೂಡ ಈ ಸಾಲಿನವೇ. ಹಣೆಯ ಸುಕ್ಕು ತೆಗೆಯಲು ಚುಚ್ಚುವ ಬೊಟಾಕ್ಸ್ ಲಿವೇಟರ್ ಸ್ನಾಯುವಿನತ್ತ ಹರಿದರೂ ರೆಪ್ಪೆ ಬೀಳುತ್ತದೆ. ಅದು ಮದ್ದು ಸವೆಯುತ್ತಿದ್ದಂತೆ ಕೆಲವು ವಾರಗಳಿಂದ ತಿಂಗಳುಗಳಲ್ಲಿ ತಾನಾಗಿ ಏಳುತ್ತದೆ.

ಎಷ್ಟು ದಿನ ಕಾಯಬಹುದು

ಮೊದಲ ದಿನದ ಇಳಿತ ಮದ್ದಿನದು. ಮೊದಲ ವಾರದ್ದು ಬಹುತೇಕ ಊತದ್ದು. ಅಲ್ಲಿಂದ ಮುಂದೆ ಸ್ನಾಯು ಚೇತರಿಸಿಕೊಳ್ಳುವ ಕಾಲ. ಬಹಳಷ್ಟು ರೆಪ್ಪೆಗಳು ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತವೆ. 6 ತಿಂಗಳಾದರೂ ಏಳದ ರೆಪ್ಪೆ ಇನ್ನು ತಾನಾಗಿ ಏಳುವುದು ಅಪರೂಪ. ಆದ್ದರಿಂದ ಬೇರೆ ರೋಗದ ಸುಳಿವಿಲ್ಲದಿದ್ದರೆ ವೈದ್ಯರು ಅಲ್ಲಿಯತನಕ ಕಾಯಿಸುತ್ತಾರೆ.

ಈ ಕಾಯುವ ಕಾಲದಲ್ಲಿ ಮನೆಮನೆಯ ಸಲಹೆ ಹರಿದುಬರುತ್ತದೆ. ಹರಳೆಣ್ಣೆ ಹಚ್ಚಿ ತೀಡಿ, ರೆಪ್ಪೆಯನ್ನು ಬೆರಳಿಂದ ಮೇಲಕ್ಕೆ ನೀವಿ, ಟೇಪು ಅಂಟಿಸಿ ಎತ್ತಿ ಕಟ್ಟಿ. ದಯವಿಟ್ಟು ಯಾವುದನ್ನೂ ಮಾಡಬೇಡಿ. ತೀಡಿದರೆ ಸಡಿಲಾದ ಹಗ್ಗ ಬಿಗಿಯಾಗುವುದಿಲ್ಲ, ಮಾಗುತ್ತಿರುವ ಗಾಯ ಬಿಚ್ಚಿಕೊಳ್ಳಬಹುದು. ಟೇಪು ಹಾಕಿದ ಕಣ್ಣು ಪೂರ್ತಿ ಮುಚ್ಚದೆ ಕಾರ್ನಿಯಾ ಒಣಗುತ್ತದೆ.

ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಪೊರೆ ಇದ್ದಾಗ ಕನ್ನಡಿಯಲ್ಲಿ ಮುಖವೇ ಮಂಜು ಮಂಜು. ಪೊರೆ ಹೋದ ಮೇಲೆ ಪ್ರತಿ ಸುಕ್ಕೂ ಕಾಣುತ್ತದೆ, ಎಷ್ಟೋ ವರ್ಷದಿಂದ ಇಳಿದೇ ಇದ್ದ ರೆಪ್ಪೆಯೂ ಕಾಣುತ್ತದೆ. “ಆಪರೇಷನ್ ಮಾಡಿ ಹೀಗಾಯ್ತು” ಎಂದು ಬರುವವರಲ್ಲಿ ಕೆಲವರ ರೆಪ್ಪೆ ಹಳೆಯ ಫೋಟೊದಲ್ಲೂ ಹೀಗೇ ಇರುತ್ತದೆ.

ಕಾಯಬಾರದ ಇಳಿತ

ಆಪರೇಷನ್ ಆದ ಕೆಲವು ದಿನಗಳಲ್ಲಿ ರೆಪ್ಪೆ ಊದಿ ಇಳಿದು, ಜೊತೆಗೆ ನೋವು, ಕೆಂಪು, ಮಸುಕು ಹೆಚ್ಚುತ್ತ ಹೋದರೆ ಅದು ರೆಪ್ಪೆಯ ಕಾಯಿಲೆಯಲ್ಲ. ಕಣ್ಣಿನೊಳಗೆ ಸೋಂಕಾಗಿರಬಹುದು. ಅಂದೇ, ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ವೈದ್ಯರ ಬಳಿ ಹೋಗಬೇಕು. ಒಂದು ದಿನ ತಡವಾದರೂ ದೃಷ್ಟಿಗೇ ಕುತ್ತು.

ರೆಪ್ಪೆ ಇಳಿಯುವುದರ ಜೊತೆ ಒಂದು ಎರಡಾಗಿ ಕಾಣುವುದು, ಗುಡ್ಡೆ ಹೊರಗೆ ಮತ್ತು ಕೆಳಗೆ ವಾಲುವುದು, ಪಾಪೆ ಹಿಗ್ಗುವುದು, ಹಿಂದೆಂದೂ ಬಾರದಂಥ ತಲೆನೋವು: ಇದು ಮೂರನೆಯ ನರದ ಸೋಲು. ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಆಪರೇಷನ್‌ನಿಂದ ಆಗಿದೆ, ಹೋಗುತ್ತದೆ ಎಂದು ಮಲಗಬಾರದು. ಇದಕ್ಕೆ ಎದುರಾಗಿ, ರೆಪ್ಪೆ ಒಂದೆರಡು ಮಿ.ಮೀ. ಇಳಿದು ಪಾಪೆ ಕುಗ್ಗಿದರೆ ಅದು ಮ್ಯೂಲರ್ ಸ್ನಾಯುವಿನ ನರದ ದಾರಿಯಲ್ಲಿ, ಕುತ್ತಿಗೆಯಲ್ಲೋ ಎದೆಯಲ್ಲೋ, ತೊಂದರೆಯಿರುವ ಸೂಚನೆ.

ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜಾರುವ, ಇಂದು ಬಲ ನಾಳೆ ಎಡ ಎಂಬಂತೆ ಬದಲಾಗುವ ರೆಪ್ಪೆಗೆ ‘ಮಯಸ್ತೀನಿಯ ಗ್ರೇವಿಸ್’ ಕಾರಣವಿರಬಹುದು. ನರದ ಸಂದೇಶ ಸ್ನಾಯುವಿಗೆ ಮುಟ್ಟದ ಕಾಯಿಲೆ ಅದು. ಮುಚ್ಚಿದ ರೆಪ್ಪೆಯ ಮೇಲೆ 2 ನಿಮಿಷ ಐಸ್ ಇಟ್ಟರೆ ಅಂಥ ರೆಪ್ಪೆ ತುಸು ಹೊತ್ತು ಮೇಲೇಳುತ್ತದೆ. ಕ್ಲಿನಿಕ್ಕಿನಲ್ಲಿ ನಿಜವಾಗಿಯೂ ಮಾಡುವ ಪರೀಕ್ಷೆಯಿದು. ನಾಗರಹಾವು ಕಚ್ಚಿದವರಲ್ಲಿ ಮೊದಲು ಕಾಣುವ ಲಕ್ಷಣಗಳಲ್ಲಿ ಒಂದು ರೆಪ್ಪೆ ಜೋಲುವುದು ಎಂಬುದು ಹಳ್ಳಿಗಾಡಿನ ವೈದ್ಯರಿಗೆಲ್ಲ ಗೊತ್ತು. ಅಲ್ಲಿಯೂ ತಪ್ಪುವುದು ನರ ಮತ್ತು ಸ್ನಾಯುವಿನ ನಡುವಿನ ಮಾತೇ.

ಅಳೆಯುವುದು ಹೇಗೆ

ಬೇಕಾದದ್ದು ಒಂದು ಪೆನ್ ಟಾರ್ಚು, ಒಂದು ಪಾರದರ್ಶಕ ಸ್ಕೇಲು. ಟಾರ್ಚಿನ ಬೆಳಕು ಪಾಪೆಯ ನಡುವೆ ಚುಕ್ಕೆಯಾಗಿ ಹೊಳೆಯುತ್ತದೆ. ಅಲ್ಲಿಂದ ರೆಪ್ಪೆಯ ಅಂಚಿಗೆ ಎಷ್ಟು ಎಂದು ನೋಡುತ್ತಾರೆ. ದೊಡ್ಡಮ್ಮನ ಎಡಗಣ್ಣಿನಲ್ಲಿ 4 ಮಿ.ಮೀ. ಇತ್ತು, ಬಲದಲ್ಲಿ ಒಂದೂವರೆ. ಆಮೇಲೆ ಹುಬ್ಬನ್ನು ಹೆಬ್ಬೆರಳಿಂದ ಅದುಮಿ ಹಿಡಿದು, ನೆಲ ನೋಡಿ, ಸೂರು ನೋಡಿ ಎಂದು ರೆಪ್ಪೆ ಎಷ್ಟು ದೂರ ಓಡಾಡುತ್ತದೆ ಎಂದು ಅಳೆಯುತ್ತಾರೆ. ಓಡಾಟ 12 ಮಿ.ಮೀ. ಮೀರಿದ್ದರೆ ಸ್ನಾಯು ಗಟ್ಟಿಯಿದೆ, ಕೆಟ್ಟಿರುವುದು ಹಗ್ಗವೇ. ಹುಬ್ಬನ್ನು ಅದುಮದಿದ್ದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಇಂಥವರು ತಮಗೇ ತಿಳಿಯದೆ ಹುಬ್ಬಿನಿಂದ ರೆಪ್ಪೆಯನ್ನು ಎತ್ತುತ್ತಿರುತ್ತಾರೆ. ದೊಡ್ಡಮ್ಮನ ಹಣೆಯ ಬಲಭಾಗದಲ್ಲಿ ಮೂರು ಆಳವಾದ ನೆರಿಗೆ ಬಿದ್ದಿದ್ದು, ಸಂಜೆಯಾದರೆ ಹಣೆ ಸಿಡಿಯುತ್ತದೆ ಎನ್ನುತ್ತಿದ್ದದ್ದು ಇದಕ್ಕೇ. ರೆಪ್ಪೆಯ ಗೆರೆ ಇದ್ದ ಜಾಗಕ್ಕಿಂತ ಮೇಲೆ ಹೋಗಿರುವುದು, ಓದಲು ತಲೆ ತಗ್ಗಿಸಿದಾಗ ರೆಪ್ಪೆ ಇನ್ನೂ ಜಾರುವುದು ಕೂಡ ಹಗ್ಗ ಸಡಿಲಾದದ್ದರ ಗುರುತು.

ಹನಿ, ಹೊಲಿಗೆ

ಆಕ್ಸಿಮೆಟಜೊಲಿನ್ ಎಂಬ ಮದ್ದಿನ ಶೇ. 0.1ರ ಕಣ್ಣಿನ ಹನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಮ್ಯೂಲರ್ ಸ್ನಾಯುವನ್ನು ಬಿಗಿಗೊಳಿಸಿ ಕೆಲವು ತಾಸು ರೆಪ್ಪೆಯನ್ನು ಎತ್ತಿ ಹಿಡಿಯುತ್ತದೆ, ವಾಸಿ ಮಾಡುವುದಿಲ್ಲ. ಕಟ್ಟಿದ ಮೂಗಿಗೆ ಬಿಡುವ ಹನಿಯಲ್ಲೂ ಇದೇ ಮದ್ದು ಇರುವುದರಿಂದ ಒಂದು ಎಚ್ಚರಿಕೆ: ಮೂಗಿನ ಹನಿಯನ್ನು ಕಣ್ಣಿಗೆ ಹಾಕಲೇಬಾರದು. ಆಪರೇಷನ್ ಬೇಡವೆನ್ನುವವರಿಗೆ ಕನ್ನಡಕದ ಚೌಕಟ್ಟಿಗೆ ಸಣ್ಣ ತಂತಿಯ ಊರುಗೋಲು ಜೋಡಿಸಿ ರೆಪ್ಪೆಯನ್ನು ಎತ್ತುವ ಹಳೆಯ ಉಪಾಯವೂ ಇದೆ.

ಉಳಿದದ್ದು ಹೊಲಿಗೆ. ರೆಪ್ಪೆಯ ಗೆರೆಯಲ್ಲೇ ಕೊಯ್ದು, ಹಿಂದೆ ಸರಿದ ಬಿಳಿ ಪಟ್ಟಿಯ ಅಂಚನ್ನು ಹುಡುಕಿ, ಮುಂದಕ್ಕೆ ತಂದು ಟಾರ್ಸಲ್ ತಟ್ಟೆಗೆ ಎರಡು ಮೂರು ಹೊಲಿಗೆಯಿಂದ ಕಟ್ಟುತ್ತಾರೆ. ಇಳಿತ ಕಡಿಮೆಯಿದ್ದು, ಫಿನೈಲೆಫ್ರಿನ್ ಹನಿ ಹಾಕಿ ನೋಡಿದಾಗ ರೆಪ್ಪೆ ಏಳುವಂತಿದ್ದರೆ ಚರ್ಮ ಮುಟ್ಟದೆ ರೆಪ್ಪೆಯ ಒಳಮೈಯಿಂದ ಮ್ಯೂಲರ್ ಸ್ನಾಯುವನ್ನು ಮೊಟಕುಗೊಳಿಸುವುದುಂಟು. ಅಮೆರಿಕದ ಪಟರ್‌ಮನ್ ಮತ್ತು ಯೂರಿಸ್ಟ್ 1975ರಲ್ಲಿ ಪ್ರಕಟಿಸಿದ ವಿಧಾನ ಅದು. ಯಾವುದಕ್ಕೂ ಮೊದಲು ಕಣ್ಣು ಒಣಗುವ ತೊಂದರೆ ಇದೆಯೇ ಎಂದು ನೋಡಲೇಬೇಕು. ಅತಿಯಾಗಿ ಎತ್ತಿದ ರೆಪ್ಪೆ ನಿದ್ದೆಯಲ್ಲಿ ಮುಚ್ಚುವುದಿಲ್ಲ, ಇಳಿದ ರೆಪ್ಪೆಗಿಂತ ಅದು ಕಣ್ಣಿಗೆ ಕೇಡು.

ಒಂದು ಕಡೆಯ ರೆಪ್ಪೆ ಎತ್ತಿದಾಗ ಇನ್ನೊಂದು ಇಳಿಯುವುದೂ ಇದೆ. ಎರಡೂ ರೆಪ್ಪೆಗಳಿಗೆ ಮಿದುಳು ಕಳಿಸುವ ಆಜ್ಞೆ ಒಂದೇ ಅಳತೆಯದು. ಜರ್ಮನಿಯ ಶರೀರಶಾಸ್ತ್ರಜ್ಞ ಎವಾಲ್ಡ್ ಹೇರಿಂಗ್ ಹೆಸರಿನ ನಿಯಮವಿದು. ಬಲ ರೆಪ್ಪೆ ಜೋತಿದ್ದರೆ ಮಿದುಳು ಜೋರಾಗಿ ಆಜ್ಞೆ ಮಾಡುತ್ತದೆ, ಅದರ ಲಾಭ ಎಡ ರೆಪ್ಪೆಗೂ ಸಿಗುತ್ತದೆ. ಬಲ ಸರಿಯಾದೊಡನೆ ಆಜ್ಞೆ ಮೆತ್ತಗಾಗಿ ಎಡದ ದೌರ್ಬಲ್ಯ ಬಯಲಾಗುತ್ತದೆ. ಇಳಿದ ರೆಪ್ಪೆಯನ್ನು ಬೆರಳಿಂದ ಎತ್ತಿ ಹಿಡಿದು ಇನ್ನೊಂದನ್ನು ಗಮನಿಸಿದರೆ ಮೊದಲೇ ತಿಳಿದೀತು.

ದೊಡ್ಡಮ್ಮನನ್ನು ಕೊನೆಗೆ ರೆಪ್ಪೆಯ ಶಸ್ತ್ರಚಿಕಿತ್ಸೆ ಬಲ್ಲ ವೈದ್ಯೆಯೊಬ್ಬರಿಗೆ ತೋರಿಸಿದೆವು. ಅವರು ಆತುರಪಡಲಿಲ್ಲ. ಎಡಗಣ್ಣಿನಲ್ಲೂ ಪೊರೆಯಿದೆ, ಅದನ್ನು ಮುಗಿಸೋಣ, ಆ ರೆಪ್ಪೆಯೂ ಜಾರಿದರೆ ಎರಡನ್ನೂ ಒಟ್ಟಿಗೆ ಸರಿಮಾಡಬಹುದು ಎಂದರು. ಈ ಸಲ ಮುಂಚೆಯೇ ಮುಖದ ಫೋಟೊ ತೆಗೆಸಿ, ರೆಪ್ಪೆಯ ಎತ್ತರವನ್ನು ಫೈಲಿನ ಮೊದಲ ಪುಟದಲ್ಲಿ ಬರೆಸಿದೆವು. ಸೂಜಿಯಿಲ್ಲದೆ ಹನಿಯಲ್ಲೇ ಆಗುತ್ತದೆಯೇ ಎಂದು ಕೇಳಿದೆವು, ಆಯಿತು. ಎಡ ರೆಪ್ಪೆ ಅಲುಗಲಿಲ್ಲ.

ಬಲ ರೆಪ್ಪೆಯ ಆಪರೇಷನ್ ದಿನ ದೊಡ್ಡಮ್ಮ ಎಚ್ಚರವಾಗೇ ಇದ್ದರು. ರೆಪ್ಪೆಗಷ್ಟೇ ತುಸು ಮದ್ದು ಕೊಟ್ಟು, ಮೊದಲ ಹೊಲಿಗೆ ಹಾಕಿ, ಗಂಟು ಬಿಗಿಯುವ ಮುಂಚೆ ಅವರನ್ನು ಮೇಜಿನ ಮೇಲೆಯೇ ಎಬ್ಬಿಸಿ ಕೂರಿಸಿದರಂತೆ. ಮಲಗಿದಾಗಿನ ಎತ್ತರ ಬೇರೆ, ಕೂತಾಗಿನದು ಬೇರೆ. “ಗಡಿಯಾರ ನೋಡಿ ಅಜ್ಜಿ.” ನೋಡಿದರು. ಸ್ವಲ್ಪ ಹೆಚ್ಚಾಗಿತ್ತು, ಸಡಿಲಿಸಿದರು. ಮತ್ತೆ ನೋಡಿದರು. ಎರಡು ರೆಪ್ಪೆಯೂ ಒಂದೇ ಸಮಕ್ಕೆ ಬಂದ ಮೇಲೆ ಗಂಟು ಹಾಕಿದರು. ಎರಡು ತಿಂಗಳು ಕಳೆದು ಹಬ್ಬಕ್ಕೆ ಹೋದಾಗ ಅವರ ಹಣೆಯನ್ನು ನೋಡಿದೆ. ಬಲಗಡೆಯ ಮೂರು ನೆರಿಗೆಗಳಲ್ಲಿ ಎರಡು ಮಾಸಿಹೋಗಿದ್ದವು.